ಚಾಕಲೇಟ್-ಶೇಂಗಾ ಬಟರ್ ಡಂಪ್ ಕೇಕ್: ಮ್ಯಾಲ ಒಣ ಹಿಟ್ಟು, ಕೆಳಗ ರಬ್ಬರ್. ಎಲ್ಲಿ ತಪ್ಪೇತ್ರಿ?

ನವನಗರದಾಕಿ:

ನಮಸ್ಕಾರ್ರೀ ಎಲ್ಲಾರಿಗೂ. ನಾ ಬಾಗಲಕೋಟಿ ನವನಗರದಾಕಿ. ಬಡಿಯಾಕ ಕೂತ್ರ ಒಂದ ಹೊತ್ತಿಗೆ 50 ರೊಟ್ಟಿ ಎತ್ತತೀನಿ, ಆದ್ರ ಕೇಕ್ ಅಂದ್ರ ಕೈಕಾಲು ಆಡೂದಿಲ್ಲ. ಹಂತಾದ್ರಾಗ ಅಮೆರಿಕಾದಾಗಿರೋ ನಮ್ಮ ನಾದಿನಿ ಫೋನ್ ಮಾಡಿ, "ವೈನಿ, ಡಂಪ್ ಕೇಕ್ ಮಾಡ್ರಿ. ಇದಕ್ಕೇನೂ ಬರಬೇಕಾಗಿಲ್ಲ, ಎಲ್ಲಾ ತಗೊಂಡು ಡಬ್ಬ್ಯಾಗ ಸುರುವೂದು, ಬೇಯಿಸೂದು, ತಿನ್ನೂದು" ಅಂದ್ಲು. ಚಾಕಲೇಟ್ ಕೇಕ್ ಮಿಕ್ಸ್, ಇನ್‌ಸ್ಟಂಟ್ ಚಾಕಲೇಟ್ ಪುಡಿಂಗ್ ಪಾಕೀಟು, ಹಾಲು, ಪೀನಟ್ ಬಟರ್, ಚಾಕಲೇಟ್ ಚೂರು. ಇಷ್ಟ ಸಾಮಾನು. ಟ್ರ್ಯಾಕ್ಟರದಾಗಿನ ಉಸುಕು ಸುರುವಿದಂಗ ಅಂದಕೊಂಡೆ.

ಇನ್‌ಸ್ಟಂಟ್ ಪುಡಿಂಗ್ ಇಲ್ಲಿ ಎಲ್ಲೂ ಸಿಗಲಿಲ್ಲ. ಎರಡೂ ಹಾಲಿಗೆ ಹಾಕೂ ಪುಡಿನ ಅಲ್ಲೇನು ಅಂತ 3 ಚಮಚೆ ಕಸ್ಟರ್ಡ್ ಪುಡಿ, 2 ಚಮಚೆ ಕೋಕೋ ತಣ್ಣನ್ನ ಹಾಲಿಗೆ ಕಲಿಸಿ ಡಬ್ಬಿಗೆ ಸುರುವಿದೆ. ಪೀನಟ್ ಬಟರ್ ಮನ್ಯಾಗ ಮಾಡೀನಿ. ಹೊಲದ ಶೇಂಗಾ ಚೀಲ ಮೂಲ್ಯಾಗ ನಿಂತಿರೋವಾಗ ಬಾಟ್ಲಿ ಕೊಂಡು ತಂದ್ರ ಅತ್ತಿಯವರು ಸುಮ್ಮನಿರತಾರೇನ್ರಿ? ಹುರದು, ಸಿಪ್ಪಿ ತಗದು, ಮಿಕ್ಸರ್‌ಗೆ ಹಾಕಿದೆ. ಹಿಂಡಿ ಆದಂಗ ಪುಡಿ ಆತು. ತೆಳ್ಳಗಾಗಲಿ ಅಂತ 2 ಚಮಚೆ ನೀರು ಹಾಕಿದ್ರ ತಂಬಿಟ್ಟಿನ ಉಂಡಿಗತೆ ಬಿಗದು ಕೂತು. ಅದನ್ನ ಹಂಗ ಚೂರು ಚೂರು ಮಾಡಿ ಹಾಲಿನ್ಯಾಗ ಒಗದೆ, ಮ್ಯಾಲ ತತ್ತಿ ಇಲ್ಲದ ಕೇಕ್ ಮಿಕ್ಸ್ ಉದುರಿಸಿದೆ, ನಾಕು ಕಡೆ ಬೆಣ್ಣಿ ತುಂಡು ಇಟ್ಟೆ. ಓಟಿಜಿ (ಕರೆಂಟಿನ ಸಣ್ಣ ಓವನ್) 180 ಡಿಗ್ರಿ, 35 ನಿಮಿಷ.

ತಗದು ನೋಡಿದ್ರ ಬೆಣ್ಣಿ ಇಟ್ಟ ನಾಕು ಕಡೆ ಕರಿ ಚುಕ್ಕಿ, ಉಳಿದದ್ದೆಲ್ಲಾ ಒಣ ಹಿಟ್ಟು. ನಮ್ಮ ಸಣ್ಣಾಂವ "ಉಫ್" ಅಂತ ಊದಿದ್ದಕ್ಕ ಅಡಗಿಮನಿ ತುಂಬ ಧೂಳು. ತಳದಾಗ ದಪ್ಪನ ರಬ್ಬರ್ ಪದರ. ಅಂವ ಅದರಾಗಿಂದ ಒಂದು ತುಂಡು ಕಿತ್ತಕೊಂಡು ಹೋಗಿ ವಹಿ ಮ್ಯಾಲ ತಿಕ್ಕಿ, "ಅವ್ವಾ, ಪೆನ್ಸಿಲ್ ಅಳಸಾಕ ಬರೂದಿಲ್ಲ ನೋಡು" ಅಂದ.

ಬರೋ ರವಿವಾರ ಅವನ ಹುಟ್ಟಿದಬ್ಬ. 11 ಮಂದಿ ಬರತಾರ. ಅತ್ತಿಯವರಿಗೆ ತತ್ತಿ ನಡಿಯೂದಿಲ್ಲ. ಯಾರರೆ ದಾರಿ ತೋರಸ್ರಿ.

ಶಹಾಪುರ ಕಾಕು:

ತಂಗೀ, ನಕ್ಕೋತ ಓದಿದೆ, ಬ್ಯಾಸರ ಮಾಡ್ಕೋಬ್ಯಾಡ. ನಾ ಬೆಳಗಾವಿ ಶಹಾಪುರದಾಕಿ, ಆರ್ಡರ್ ಮ್ಯಾಲ ಕೇಕ್ ಮಾಡಿಕೊಡತೀನಿ, ಮೊದಮೊದಲ ನಂದೂ ಇದ ಗತಿ.

ನಿನ್ನ ನಾದಿನಿ ಒಂದು ಮಾತು ನುಂಗ್ಯಾಳ. ಡಂಪ್ ಕೇಕ್‌ನ್ಯಾಗ ಎರಡು ಜಾತಿ. ಒಂದು ಹಣ್ಣಿಂದು: ಅಲ್ಲೆ ಡಬ್ಬಿ ಚೆರಿ, ಡಬ್ಬಿ ಅನಾನಸ್ ರಸದ ಸುದ್ದಾ ತಳಕ್ಕ ಸುರುವತಾರ, ಮ್ಯಾಲ ಒಣ ಕೇಕ್ ಮಿಕ್ಸ್, ಅದರ ಮ್ಯಾಲ ಸಂದಿ ಬಿಡಲಾರದಂಗ ಬೆಣ್ಣಿ. ಕೆಳಗಿಂದ ರಸ ಕುದ್ದು ಏರತೈತಿ, ಮ್ಯಾಲಿಂದ ಬೆಣ್ಣಿ ಇಳಿತೈತಿ, ನಡು ಸಿಕ್ಕ ಹಿಟ್ಟು ಬೇಯತೈತಿ. ಅದನ್ನ ಕಲಸಾಂಗಿಲ್ಲ. ಇನ್ನೊಂದು ಪುಡಿಂಗ್‌ಂದು, ನಿನ್ನ ಚಾಕಲೇಟ್ ಕೇಕ್ ಇದ ಜಾತಿ. ಇದರಾಗ ಹಾಲಿಗೆ ಪುಡಿಂಗ್ ಪುಡಿ ಹಾಕಿ ತಿರುವಿ, ಅದು ಗಟ್ಟಿ ಆದ ಮ್ಯಾಲ ಕೇಕ್ ಮಿಕ್ಸ್ ಸುರುವಿ ಮತ್ತ ತಿರುವಬೇಕು. ನೀ ಪುಡಿಂಗ್ ಕೇಕಿನ ಸಾಮಾನು ತಗೊಂಡು ಹಣ್ಣಿನ ಕೇಕಿನಂಗ ಸುರುವಿ ಬಿಟ್ಟಿ. ಹಿಟ್ಟಿಗೆ ಹಸಿ ಮುಟ್ಟಲೇ ಇಲ್ಲ.

ರಬ್ಬರಿಗೆ ಕಾರಣ ಕಸ್ಟರ್ಡ್. ಇನ್‌ಸ್ಟಂಟ್ ಪುಡಿಂಗ್‌ನ ಪಿಷ್ಟ ಮೊದಲ ತಯಾರ್ ಮಾಡಿದ್ದು, ತಣ್ಣನ್ನ ಹಾಲಿನ್ಯಾಗನ ಐದು ನಿಮಿಷಕ್ಕ ಬಿಗಿತೈತಿ. ನಮ್ಮ ಕಸ್ಟರ್ಡ್ ಪುಡಿ ಅಂದ್ರ ಬಣ್ಣ, ವಾಸನಿ ಹಾಕಿದ ಹಸಿ ಕಾರ್ನ್‌ಫ್ಲೋರ್. ಬಿಸಿ ತಾಕೂ ತನಕ ಅದು ಗಟ್ಟಿ ಆಗೂದಿಲ್ಲ, ಸುಮ್ಮನ ತಳಕ್ಕ ಕೂಡತೈತಿ. ತಳಕ್ಕ ಕೂತದ್ದು ಓಟಿಜಿ ಒಳಗ ಅಲ್ಲೇ ಬೆಂದು ಗೊಜ್ಜಾತು, ಗೊಜ್ಜು ಒಣಗಿ ರಬ್ಬರ್ ಆತು.

ಇನ್ನ ಶೇಂಗಾ. ನೀ ನಿಲ್ಲಿಸಬಾರದ ಜಾಗಾದಾಗ ನಿಲ್ಲಿಸಿದಿ. ಹಿಂಡಿ ಹದಕ್ಕ ಬಂದ ಕೂಡ್ಲೆ ಕೈ ನಿಲ್ಲೂದು ನಮ್ಮ ಕಡೆ ಹೆಣ್ಮಕ್ಕಳ ರೂಢಿ, ಬಟರಿಗೆ ಅಲ್ಲಿಂದ ಮುಂದ ಹೋಗಬೇಕು. ಶೇಂಗಾದಾಗ ಹೆಚ್ಚು ಕಡಿಮಿ ಅರ್ಧ ಎಣ್ಣಿನ ಐತಿ, ಅದು ಹೊರಗ ಬರೂ ತನಕ ತಿರುವಬೇಕು. ಪಾವ್ ಕಿಲೋ ಕಾಳು ತಗೊಂಡು ಮೊದಲ ಮುಗ್ಗಿದ್ದು, ಕರ್ರಗಾದದ್ದು, ಸೊರಗಿದ್ದು ಆರಿಸಿ ಒಗಿ. ಒಂದು ಕಹಿ ಕಾಳು ಇಡೀ ಜಾರ್ ಕೆಡಸತೈತಿ. ಸಣ್ಣ ಉರಿಮ್ಯಾಗ ಹುರಿ, ಸಿಪ್ಪಿ ತಿಕ್ಕು, ಬಿಸಿ ಆರೂದ್ರೊಳಗ ಮಿಕ್ಸರ್‌ಗೆ ಹಾಕು. ಮೊದಲ ಪುಡಿ ಆಗತೈತಿ, ಆಮ್ಯಾಲ ಮುದ್ದಿ ಆಗಿ ಜಾರಿನ ಗ್ವಾಡಿಗೆ ಹತ್ತತೈತಿ. ಇಲ್ಲೆ ಕೆಟ್ಟಿತು ಅನಸತೈತಿ, ಕೆಟ್ಟಿರೂದಿಲ್ಲ. ಚಮಚೆಲೆ ಕೆರದು ಕೆಳಗ ದೂಡು, ಒಂದು ನಿಮಿಷ ತಿರುವು, ಮೋಟಾರ್ ಆರಾಕ ಬಿಡು, ಮತ್ತ ತಿರುವು. ನಾಕೈದು ಸಲ ಹಿಂಗ ಮಾಡಿದ ಮ್ಯಾಲ ಒಮ್ಮಿಂದೊಮ್ಮಿಲೆ ಮಿಕ್ಸರಿನ ಸಪ್ಪಳ ಬದಲಾಗತೈತಿ, ಗರಗರ ಅನ್ನೂದು ಹೋಗಿ ಮೆತ್ತಗ ಗುಂಯ್ ಅಂತೈತಿ. ಮುಚ್ಚಳ ತಗದ್ರ ಮಿರಿಮಿರಿ ಮಿಂಚತಿರತೈತಿ. ಆಗ 3 ಚಮಚೆ ಸಕ್ಕರಿ ಪುಡಿ, ಚಿಟಿಕಿ ಉಪ್ಪು. ಗಟ್ಟಿ ಅನಿಸಿದ್ರ ಶೇಂಗಾ ಎಣ್ಣಿ ಹಾಕು, ನೀರು ಮಾತ್ರ ಬ್ಯಾಡ. ಎಣ್ಣಿಯೊಳಗ ನೀರಿನ ಹನಿ ಬಿದ್ರ ಶೇಂಗಾದ ಪುಡಿ ಒಂದಕ್ಕೊಂದು ಅಂಟಕೊಂಡು ಬಿಗಿತೈತಿ, ನಿಂದು ಆಗಿದ್ದೂ ಅದ. ತೊಳದ ಜಾರ್ ಸುದ್ದಾ ಅರಬಿಲೆ ಒರಸಿ ತಗೋ.

ಈಗ ಕೇಕ್. ಡಬ್ಬಿ ಮಿಕ್ಸ್ ತರಾಕ ಹೋಗಬ್ಯಾಡ, ಅಲ್ಲಿಯ ಲೆಕ್ಕ ಇಲ್ಲಿಗೆ ಕೂಡೂದಿಲ್ಲ. ಅವರ ಡಬ್ಬಿ 375ರಿಂದ 430 ಗ್ರಾಂ ತನಕ, ತಟ್ಟಿ 9 ಇಂಚು 13 ಇಂಚಿಂದು. ಅಮೆರಿಕಾದವರದ ಇನ್ನೊಂದು ಹಳೀ ಕೇಕ್ ಐತಿ, ತತ್ತಿ, ಬೆಣ್ಣಿ, ಹಾಲು ಏನೂ ಬೇಡದ್ದು. ಬೇಯಿಸೂ ಡಬ್ಬ್ಯಾಗನ ಕಲಸೂದು, ಬ್ಯಾರೆ ಬೋಗಾಣಿ ಸುದ್ದಾ ಹೊಲಸಾಗೂದಿಲ್ಲ. ನಾ ಡಂಪ್ ಕೇಕಿಗೆ ಇದನ್ನ ಹಿಡದೀನಿ. 8 ಇಂಚಿನ ಚೌಕ ಡಬ್ಬಿ. ಒಂದೂವರಿ ಕಪ್ ಮೈದಾ, 1 ಕಪ್ ಸಕ್ಕರಿ, 3 ದೊಡ್ಡ ಚಮಚೆ ಕೋಕೋ, 1 ಸಣ್ಣ ಚಮಚೆ ಅಡಗಿ ಸೋಡಾ, ಅರ್ಧ ಸಣ್ಣ ಚಮಚೆ ಉಪ್ಪು ಡಬ್ಬ್ಯಾಗ ಸುರುವಿ ಕೈಯಾಡಿಸು. 6 ದೊಡ್ಡ ಚಮಚೆ ಎಣ್ಣಿ, 1 ದೊಡ್ಡ ಚಮಚೆ ವಿನೆಗರ್ ಇಲ್ಲಾ ಲಿಂಬಿ ರಸ, 1 ಸಣ್ಣ ಚಮಚೆ ವೆನಿಲಾ, 1 ಕಪ್ ನೀರು ಹೊಯ್ದು ಮೂಲಿ ಮೂಲಿ ಕೆರದು ಕಲಸು. ಒಣ ಹಿಟ್ಟು ಅಡಗಿ ಕೂಡೂದು ಮೂಲ್ಯಾಗನ. ಕಪ್ ಅಂದ್ರ 240 ಮಿಲಿಲೀಟರಿಂದು, ಚಾದ ಕಪ್ ಅಲ್ಲ. ಮ್ಯಾಲ 8-9 ಕಡೆ ಶೇಂಗಾ ಬಟರ್ ಒಂದೊಂದು ಚಮಚೆ ಬಿಡು, ಚಾಕೂಲೆ ಒಮ್ಮೆ ಎಳಿ, ಚಾಕಲೇಟ್ ಚೂರು ಉದುರಿಸು. 180 ಡಿಗ್ರಿ, 30-35 ನಿಮಿಷ.

ಓಟಿಜಿ ಮೊದಲ ಕಾಯಿಸಿ ಇಟ್ಟಕೊಂಡಿರು. ಸೋಡಾಕ್ಕ ಹುಳಿ ಮುಟ್ಟಿದ ಕೂಡ್ಲೆ ಗ್ಯಾಸ್ ಏಳತೈತಿ; ಕಲಸಿ ಇಟ್ಟು ಬಾಜೂಮನಿಯವ್ರ ಜೋಡಿ ಮಾತಾಡಕೋತ ನಿಂತ್ರ ಅದೆಲ್ಲಾ ಹಾರಿ ಹೋಗಿ ಕೇಕ್ ಕಲ್ಲಾಗತೈತಿ. ಕಡ್ಡಿ ಚುಚ್ಚಿ ನೋಡೋವಾಗ ಶೇಂಗಾ ಇಲ್ಲದ ಕಡೆ ಚುಚ್ಚು. ಇಲ್ಲಂದ್ರ ಕಡ್ಡಿಗೆ ಬಟರ್ ಹತ್ತಿದ್ದನ್ನ ನೋಡಿ ಬೆಂದಿಲ್ಲ ಅಂದಕೊಂಡು ಸುಡತಿ. ಬರೋ ಹುಡುಗೂರ ಅವ್ವಂದಿರಿಗೆ ಒಂದು ಫೋನ್ ಮಾಡಿ, ಯಾರಿಗರೆ ಶೇಂಗಾ ಆಗಿ ಬರೂದಿಲ್ಲೇನು ಕೇಳಿಕೋ.

ಗುಮ್ಮಟದ ಮಗ್ಗಲಾಂವ:

ಓಟಿಜಿ ಇಲ್ಲದವರಿಗೆ ಹೇಳತೀನಿ. ನಾ ವಿಜಯಪುರದಾಗ ಬಾಡಿಗಿ ಖೋಲ್ಯಾಗ ಇರಾಂವ, ಇರೂದು ಒಂದ ಗ್ಯಾಸ್ ಒಲಿ. ದಪ್ಪ ತಳದ ಬೋಗಾಣ್ಯಾಗ ಎರಡು ಬೊಟ್ಟು ಒಣ ಉಸುಕು, ಅದರ ಮ್ಯಾಲ ಸ್ಟ್ಯಾಂಡು, ಮುಚ್ಚಿ 10 ನಿಮಿಷ ಕಾಯಿಸಿ, ಡಬ್ಬಿ ಇಟ್ಟು ಸಣ್ಣ ಉರಿಮ್ಯಾಗ 45 ನಿಮಿಷ. ಕುಕ್ಕರ್ ಆದ್ರ ರಬ್ಬರ್ ರಿಂಗ್, ಸೀಟಿ ಎರಡೂ ತಗದ ಇಡಬೇಕ್ರಿ. ಮ್ಯಾಲ ಕೆಂಪಗ ಆಗೂದಿಲ್ಲ, ಚಾಕಲೇಟ್ ಕೇಕಿಗೆ ಕೆಂಪ ಯಾರು ನೋಡತಾರ. ಇನ್ನೊಂದು, ಅಕ್ಕಾರ: ನಮ್ಮ ಕಡೆ ಬ್ಯಾಸಗ್ಯಾಗ ಚಾಕಲೇಟ್ ಚೂರು ಕತ್ತರಸೂದ್ರಾಗನ ಕೈಯಾಗ ಕರಗತೈತಿ. ಮೊದಲ ಅರ್ಧ ತಾಸು ಫ್ರಿಜ್‌ನ್ಯಾಗ ಇಡ್ರಿ.

ಕರದಂಟು ಪಾರ್ಟಿ:

ಬಾಗಲಕೋಟಿಯವರಾಗಿ ಇಷ್ಟೆಲ್ಲಾ ಒದ್ದಾಟ ಯಾಕ್ರಿ? ಅಮೀನಗಡ ಏನು ದೂರ ಐತಿ? ಒಂದು ಕಿಲೋ ಕರದಂಟು ತಂದು ಮ್ಯಾಲ ಮೇಣಬತ್ತಿ ಹಚ್ಚಿದ್ರ ಮುಗೀತು.

ಶಹಾಪುರ ಕಾಕು:

ಕರದಂಟಿನ್ಯಾಗ ಮೇಣಬತ್ತಿ ಚುಚ್ಚಿ ತೋರಸು ನೋಡೂಣು, ಮುರೀತೈತಿ.

ನವನಗರದಾಕಿ:

ರವಿವಾರ ರಾತ್ರಿ ಬರೀತಿದೀನ್ರಿ. ಆತು! ಶೇಂಗಾದ ಸಪ್ಪಳ ಬದಲಾಗೂದು ಖರೇನ ಕೇಳಸತೈತಿ, ನಾಕನೇ ಸಲಕ್ಕ. ಅತ್ತಿಯವರು ಹೊರಗ ಕಟ್ಟಿಮ್ಯಾಗ ಕೂತವರು "ಮಿಕ್ಸರ್ ಸುಟ್ಟೇನು?" ಅಂತ ಓಡಿ ಬಂದ್ರು.

ಕೇಕ್ ಇಟ್ಟು 20 ನಿಮಿಷಕ್ಕ ಕರೆಂಟ್ ಹೋತು. ಬಾಗಲಾ ತಗೀದ ದೇವರ ನೆನಸಕೋತ ನಿಂತೆ. 8 ನಿಮಿಷಕ್ಕ ಬಂತು, ಆಮ್ಯಾಲ ಇನ್ನೂ 18 ನಿಮಿಷ ಇಟ್ಟೆ. ನಡು ಒಂಚೂರು ತಗ್ಗು ಬಿತ್ತು, ಅಲ್ಲೇ ಉಳಿದ ಶೇಂಗಾ ಬಟರ್ ಬಳದು ಮುಚ್ಚಿದೆ, ಯಾರಿಗೂ ತಿಳೀಲಿಲ್ಲ. 16 ತುಂಡು ಮಾಡಿದ್ದೆ, ತಾಟು ಖಾಲಿ. ಅತ್ತಿಯವರು ಕೇಕಿನ ಮೂಲಿ ಅಷ್ಟ ಮುರದು ತಿಂದು, "ಅಡ್ಡಿ ಇಲ್ಲ" ಅಂದ್ರು. ಈಗ ನೋಡಿದ್ರ ಅಡಗಿಮನ್ಯಾಗ ಕಟಕ ರೊಟ್ಟಿಲೆ ಮಿಕ್ಸರ್ ಜಾರ್ ಒರಸಾಕ ಹತ್ಯಾರ.

ಕಾಕೂ, ಒಡದ ಕಸ್ಟರ್ಡ್ ಪಾಕೀಟು ಹಂಗ ಉಳದೈತಿ. ಅದನ್ನೇನು ಮಾಡ್ಲಿ?

ಶಹಾಪುರ ಕಾಕು:

ಹಾಲು ಕುದಿಸಿ ಕಸ್ಟರ್ಡ್ ಮಾಡು, ತಂಗೀ.