ಸಹಾಯ ಬೇಕು: ಮಲ್ಲೇಶ್ವರದ ಬೀಗ ಹಾಕಿದ ಹಳೇ ಮನೆ ಯಾರದ್ದು?

ಎಲ್ಲರಿಗೂ ನಮಸ್ಕಾರ. ಮಾರ್ಗೋಸಾ ರಸ್ತೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಹಂಚಿನ ಮನೆಯೊಂದು ಇದೆ. ನಾನು ಚಿಕ್ಕವಳಿದ್ದಾಗಿನಿಂದ ಅದಕ್ಕೆ ಬೀಗವೇ. ಎರಡೂ ಪಕ್ಕ ಈಗ ಅಪಾರ್ಟ್‌ಮೆಂಟ್ ಎದ್ದಿವೆ. ಮಧ್ಯೆ ಇದೊಂದೇ ಉಳಿದಿದೆ.

ಮೊನ್ನೆ ಮಳೆಗೆ ಸೂರಿನ ಹಂಚೊಂದು ಕಾಂಪೌಂಡ್ ಹೊರಗೆ ಬಿತ್ತು. ಪಾಚಿ ಒರೆಸಿ ನೋಡಿದರೆ ಬಾಸೆಲ್ ಮಿಷನ್, ಮಂಗಳೂರು, 1865 ಎಂಬ ಅಚ್ಚು. ಒಂದು ಕ್ಷಣ ಮನೆಯೇ ಅಷ್ಟು ಹಳೆಯದು ಅಂದುಕೊಂಡೆ. ಆದರೆ 1865 ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮಲ್ಲೇಶ್ವರ ಬಡಾವಣೆ ಬೆಳೆದದ್ದೇ 1898ರ ಪ್ಲೇಗ್ ನಂತರ ಅಲ್ವಾ? ಹಾಗಾಗಿ ಮನೆ ಅದಕ್ಕಿಂತ ಈಚಿನದೇ ಇರಬೇಕು.

ಗೇಟಿನ ಸಂದಿಯಿಂದ ಜಗಲಿಯ ಕೆಂಪು ರೆಡ್ ಆಕ್ಸೈಡ್ ನೆಲ ಕಾಣುತ್ತದೆ. ಮೇಲೆ ಮರದ ಪಟ್ಟಿಯ ಚೂಪು ಮಾಡು ಇರುವ ಮಂಕಿ ಟಾಪ್ ಕಿಟಕಿಗಳು ಇನ್ನೂ ಗಟ್ಟಿಯಾಗಿವೆ. ಅಂಗಳದ ಸಂಪಿಗೆ ಮರದ ಹೂವನ್ನು ಬೀದಿಯವರೆಲ್ಲ ಆಯ್ದುಕೊಳ್ಳುತ್ತೇವೆ. ದೆವ್ವದ ಮನೆ ಅಂತ ಮಕ್ಕಳು ಹೇಳುವುದು ಕೇಳಿದರೆ ಬೇಜಾರಾಗುತ್ತದೆ. ಯಾರೋ ಆಸೆಪಟ್ಟು ಕಟ್ಟಿಸಿದ ಮನೆ ಅದು.

ಹೋದ ವಾರ ಇಬ್ಬರು ಬಂದು ಟೇಪ್ ಹಿಡಿದು ಅಳತೆ ತೆಗೆದುಕೊಂಡು ಹೋದರು. ಅದಕ್ಕೇ ಈ ಆತುರ.

ಅಲ್ಲಿದ್ದವರ ಬಗ್ಗೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದೆಯಾ? ಆ ಬೀದಿಯ ಹಳೇ ಫೋಟೋ ಯಾರ ಬಳಿಯಾದರೂ ಇದೆಯಾ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ಇಸಿ (ಆಸ್ತಿಯ ಮಾರಾಟ, ಅಡಮಾನಗಳ ವಿವರ ಇರುವ ಋಣಭಾರ ಪತ್ರ) ತೆಗೆಸಿದವರು ಇದ್ದರೆ, ಹೇಗೆ ತೆಗೆಸಿದಿರಿ ಅಂತ ದಯವಿಟ್ಟು ತಿಳಿಸಿ. ಮನೆಯವರು ಸಿಕ್ಕರೆ ಅನುಮತಿ ಕೇಳಿ, ಕೆಡವುವ ಮುಂಚೆ ಒಳಗಿನ ಫೋಟೋ ತೆಗೆದಿಡಬೇಕು ಅಂತಿದ್ದೇನೆ. ಹೆಸರು, ವಿಳಾಸ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.