ಪ್ರಶ್ನೋತ್ತರ: ‘ನಾನು ಹೋದ್ರೆ ಎರಡು ಗುಂಡು ಯಾರು ಹೊಡೀತೀರಿ?’

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯ ಸೊಸೆ):
ನಮಸ್ಕಾರ ಡಾಕ್ಟ್ರೇ. ನಮ್ಮ ಮಾವನಿಗೆ 81 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಎರಡು ಸುತ್ತು ಕೀಮೋ ಆದ ಮೇಲೆ ಇನ್ನು ದೇಹ ತಡೆಯಲ್ಲ, ಮನೇಲೇ ನೋಡ್ಕೊಳ್ಳಿ ಅಂದ್ರು. ಹಗಲೆಲ್ಲ ಜಗಲಿಯಲ್ಲಿ ಮಳೆ ನೋಡ್ತಾ ಕೂತಿರ್ತಾರೆ, ಮಾತೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, “ಇನ್ನು ನಾನಿದ್ದು ಯಾರಿಗೆ ಏನು ಪ್ರಯೋಜನ?” ಅಂತಾರೆ. ಮೊನ್ನೆ “ನಾನು ಹೋದ್ರೆ ಎರಡು ಗುಂಡು ಯಾರು ಹೊಡೀತೀರಿ?” ಅಂತ ಕೇಳಿದ್ರು. ನಮ್ಮವರು “ಅಂಥದ್ದೆಲ್ಲ ಮಾತಾಡ್ಬೇಡಿ ಅಪ್ಪಾ, ಹುಷಾರಾಗ್ತೀರಿ” ಅಂತ ಗದರಿ ಮಲಗಿಸಿದ್ರು. ಅವತ್ತಿಂದ ಮಗನನ್ನ ಕರೆಯೋದೇ ಬಿಟ್ಟಿದ್ದಾರೆ, ನನ್ನನ್ನೇ ಕರೀತಾರೆ. ನಾನು ಏನಂತ ಹೇಳ್ಲಿ?

ಉತ್ತರ (ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು-ಸಂಕಟ ಇಳಿಸುವ ಆರೈಕೆಯ ವೈದ್ಯೆ):
ನೋಡಮ್ಮ, ಮಾತಿನ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಉಸಿರು. ರಾತ್ರಿ ಎರಡು ಗಂಟೆಗೆ ಎದ್ದು ಕೂರೋದು ಬರೀ ಯೋಚನೆಯಿಂದಲೇ ಇರಬೇಕಿಲ್ಲ. ಈ ಕಾಯಿಲೆಯಲ್ಲಿ ಮಲಗಿದರೆ ಉಸಿರು ಕಟ್ಟಬಹುದು, ನೋವು ಕಾಡಬಹುದು. ದಿಂಬು ಎತ್ತರಿಸಿ, ಮುಖಕ್ಕೆ ಸಣ್ಣ ಫ್ಯಾನ್ ಗಾಳಿ ಬರುವ ಹಾಗೆ ಮಾಡಿ. ನಿಮ್ಮ ಡಾಕ್ಟರ ಹತ್ತಿರ ಮಾರ್ಫಿನ್ ಬಗ್ಗೆ ಕೇಳಿ. ಆ ಹೆಸರಿಗೇ ಹೆದರುವವರು ಬಹಳ ಜನ. ಸಣ್ಣ ಪ್ರಮಾಣದಲ್ಲಿ, ಡಾಕ್ಟರ್ ಹೇಳಿದ ಹಾಗೆ ಕೊಟ್ಟರೆ ಏದುಸಿರಿನ ಸಂಕಟ ಇಳಿಯಬಹುದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದವರನ್ನು ನೋಡಿಕೊಳ್ಳುವ ಮನೆ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. ಮೈ ನೋವು, ಮನಸ್ಸಿನ ನೋವು, ಮನೆ-ದುಡ್ಡಿನ ಚಿಂತೆ, ‘ನಾನು ಬದುಕಿದ್ದು ಯಾತಕ್ಕೆ’ ಅನ್ನುವ ಸಂಕಟ, ಇಷ್ಟೂ ಸೇರಿ ಒಂದೇ ನೋವು ಅಂತ ಅವರು ಹೇಳಿದರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ನಿಲ್ಲೋದಿಲ್ಲ.

ಈಗ ಗುಂಡಿನ ಮಾತು. ಓದುವವರಲ್ಲಿ ಕೊಡಗಿನ ಹೊರಗಿನವರೂ ಇದ್ದೀರಿ: ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಗಾಳಿಗೆ ಹಾರಿಸಿ ಊರಿಗೆ ತಿಳಿಸುವ ರೂಢಿ. ಹಾಗಾಗಿ ನಿಮ್ಮ ಮಾವ ಸಾವಿನ ಬಗ್ಗೆ ಮಾತ್ರ ಕೇಳುತ್ತಿಲ್ಲ. ನಾನು ಹೋದೆ ಅಂತ ಊರಿಗೆ ಯಾರು ಸಾರುತ್ತಾರೆ, ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳುತ್ತಿದ್ದಾರೆ ಅನ್ನಿಸುತ್ತೆ ನನಗೆ. ಇದು ನನ್ನ ಊಹೆ, ತಪ್ಪಿರಬಹುದು. ತಪ್ಪೋ ಸರಿಯೋ ಅಂತ ತಿಳಿಯಬೇಕಾದರೆ ಅವರನ್ನೇ ಕೇಳಬೇಕು: “ಯಾರು ಹೊಡೀಬೇಕು ಅಂತ ನಿಮಗಿದೆ ಮಾವ?” ಅಷ್ಟು ಕೇಳಿ ಸುಮ್ಮನೆ ಕೂತ್ಕೊಳ್ಳಿ. ಅವರು ಐದು ನಿಮಿಷ ಮಾತಾಡದಿದ್ದರೂ ನೀವು ಮಧ್ಯೆ ಬಾಯಿ ಹಾಕಬೇಡಿ.

ಇದು ಹೇಳುವಷ್ಟು ಸುಲಭವಲ್ಲ. ನಾನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜ “ನನಗೇ ಯಾಕೆ ಬಂತು ಇದು?” ಅಂದಾಗ ಬೀಡಿ, ಜೀನು, ಜೀವಕೋಶ ಅಂತ ಹತ್ತು ನಿಮಿಷ ಪಾಠ ಮಾಡಿದ್ದೆ. ಅವರು ಕೊನೆಗೆ “ಆಯ್ತು ಮಗಳೇ, ನೀನು ಹೋಗಿ ಊಟ ಮಾಡು” ಅಂದರು. ಯಾರು ಯಾರನ್ನು ನೋಡಿಕೊಂಡರು ನೀವೇ ಹೇಳಿ! ನಮ್ಮ ಬಾಯಿಗೆ ಥಟ್ಟನೆ ಬರುವ ಸಮಾಧಾನದ ಮಾತು ಹೆಚ್ಚಾಗಿ ನಮ್ಮ ಹೆದರಿಕೆಗೆ ನಾವೇ ಹೇಳಿಕೊಳ್ಳುವ ಮಾತು. ರೋಗಿಗೆ ಆ ಹೊತ್ತಿನಲ್ಲಿ ಬೇಕಿರೋದು ಸಾವಧಾನ.

ಇನ್ನೊಂದನ್ನು ಮುಚ್ಚಿಡದೆ ಕೇಳುತ್ತೇನೆ. ಮನೆಯಲ್ಲಿ ಕೋವಿ ಇದೆ ತಾನೆ? “ನಾನಿದ್ದು ಏನು ಪ್ರಯೋಜನ” ಅನ್ನುವವರನ್ನು “ನಿಮ್ಮ ಜೀವ ನೀವೇ ತೆಗೆದುಕೊಳ್ಳುವ ಯೋಚನೆ ಬರುತ್ತಾ ಮಾವ?” ಅಂತ ನೇರವಾಗಿ ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು. ಕೋವಿಯನ್ನೂ ಗುಂಡುಗಳನ್ನೂ ಇವತ್ತೇ ಬೇರೆ ಬೇರೆ ಕಡೆ ಬೀಗ ಹಾಕಿ ಇಡಿ. ಅಂಥ ಯೋಚನೆ ಬರುತ್ತೆ ಅಂತ ಮಾವ ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ತಕ್ಷಣ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕ್ಕೆ ಯಾವ ಹೊತ್ತಿನಲ್ಲಾದರೂ ಮಾಡಬಹುದು.

ಅದೇ ಮನೆಯ ಮಗ:
ಮೇಡಂ, ಗದರಿದ್ದು ನಾನೇ. ಸಾವಿನ ಮಾತು ಎತ್ತಿದ್ರೆ ಇರೋ ಧೈರ್ಯವೂ ಹೋಗುತ್ತಲ್ಲ? ಆಸೆ ಬಿಟ್ಟುಬಿಟ್ರೆ?

ಉತ್ತರ:
ನಿಮ್ಮ ಹೆದರಿಕೆ ನ್ಯಾಯವೇ. ಹೆಚ್ಚಿನ ಮನೆಗಳಲ್ಲಿ ಇದೇ ಮಾತು. ಅಮೆರಿಕದಲ್ಲಿ ಕೊನೆ ಹಂತದ ಕ್ಯಾನ್ಸರ್ ಇದ್ದವರನ್ನೂ ಅವರ ಮನೆಯವರನ್ನೂ ಹಿಂಬಾಲಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಡಾಕ್ಟರ ಜೊತೆ ಕೊನೆಗಾಲದ ಬಗ್ಗೆ ಬಿಚ್ಚಿ ಮಾತಾಡಿದವರಲ್ಲಿ ಖಿನ್ನತೆಯಾಗಲಿ ಆತಂಕವಾಗಲಿ ಉಳಿದವರಿಗಿಂತ ಜಾಸ್ತಿ ಇರಲಿಲ್ಲ. ಕೊನೆಯ ವಾರದಲ್ಲಿ ಐಸಿಯು, ವೆಂಟಿಲೇಟರ್ ಅಂತ ಎಳೆದಾಡಿದ್ದು ಕಡಿಮೆ. ಅಂಥ ಎಳೆದಾಟ ಕಡಿಮೆಯಿದ್ದ ಕಡೆ ಹಿಂದೆ ಉಳಿದ ಮನೆಯವರೂ ಚೆನ್ನಾಗಿ ಚೇತರಿಸಿಕೊಂಡರು.

ಆಸೆ ಅನ್ನೋದು ವಾಸಿಯಾಗುವ ಆಸೆ ಒಂದೇ ಅಲ್ಲ ಕಣಪ್ಪ. ತುಲಾ ಸಂಕ್ರಮಣದ ತಲಕಾವೇರಿ ತೀರ್ಥ ಬಾಯಿಗೆ ಬಿದ್ದರೆ ಸಾಕು ಅನ್ನುವವರನ್ನು ನಾನು ನೋಡಿದ್ದೇನೆ. ಮೊಮ್ಮಗಳು ಬರುವ ಭಾನುವಾರ, ಈ ಸಲದ ಮೆಣಸು, ಅದೂ ಆಸೆಯೇ. ನೀವು ತಂದೆಯ ಬಾಯಿ ಮುಚ್ಚಿಸಿದಾಗ ಈ ಆಸೆಗಳೂ ಒಳಗೇ ಉಳಿದುಬಿಡುತ್ತವೆ. “ಅವತ್ತು ಗದರಿದೆ ಅಪ್ಪ, ನನಗೂ ಹೆದರಿಕೆ” ಅಂತ ಹೇಳಿದರೆ ಸಾಕು, ಮಾತು ತಾನಾಗಿ ಶುರುವಾಗುತ್ತೆ.

ಕೊನೆ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಗೆ ಓಡಬೇಕೋ ಬೇಡವೋ ಅನ್ನೋದನ್ನೂ ಅವರ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಅವರನ್ನೇ ಕೇಳಿಬಿಡಿ. ಸುಪ್ರೀಂ ಕೋರ್ಟ್ 2018ರಲ್ಲೇ ಇದಕ್ಕೆ ಮುಂಚಿತವಾಗಿ ಬರೆದಿಡುವ ಹಕ್ಕು ಕೊಟ್ಟಿದೆ. 2023ರಿಂದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು.

ಪ್ರಶ್ನೆ (ಸ್ಟಾಫ್ ನರ್ಸ್, ಮಡಿಕೇರಿ):
ಮೇಡಂ, ನೀವು ಹೇಳೋದು ಕೇಳೋಕೆ ಚೆಂದ. ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡಿಗೆ ನಾವಿಬ್ಬರೇ. ಯಾರ ಪಕ್ಕ ಕೂರೋದು? ಹಿಂದೆ ನಾನಿದ್ದ ಕಡೆ ಒಂದು ಗಂಟೆ ಆನ್‌ಲೈನ್ ಮೈಂಡ್‌ಫುಲ್‌ನೆಸ್ (ಉಸಿರು ಗಮನಿಸೋ ಧ್ಯಾನ) ಕ್ಲಾಸ್ ಮಾಡಿ ಸರ್ಟಿಫಿಕೇಟ್ ಕೊಟ್ರು. ಅವತ್ತೂ ಡಬಲ್ ಡ್ಯೂಟಿ. ಈಗೀಗ ಯಾರಾದ್ರೂ ಅತ್ರೆ ನನಗೆ ಏನೂ ಅನ್ಸಲ್ಲ, ಅದೇ ಭಯ.

ಉತ್ತರ:
ಸಿಸ್ಟರ್, ಡ್ಯೂಟಿ ಚಾರ್ಟ್ ಸರಿಮಾಡುವ ಬದಲು ಧ್ಯಾನ ಹೇಳಿಕೊಡುವವರ ಬಗ್ಗೆ ನನಗೂ ಸಿಟ್ಟಿದೆ. ಜನ ಸಾಲದಿದ್ದರೆ ಜನ ಕೊಡಬೇಕು, ಉಸಿರಾಟದ ಪಾಠ ಅದಕ್ಕೆ ಬದಲಿ ಅಲ್ಲ. 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಝಿನ್ ಬೌದ್ಧರ ಧ್ಯಾನವನ್ನು ಆಸ್ಪತ್ರೆಗೆ ತಂದಾಗ ಅದು ವಾರಗಟ್ಟಲೆಯ ಅಭ್ಯಾಸ. ದಿನವೂ ಮನೆಯಲ್ಲಿ ಕೂತು ಮಾಡಬೇಕಿತ್ತು. ನಮ್ಮ ಕುಶಾಲನಗರ ದಾಟಿದರೆ ಟಿಬೆಟಿಯನ್ನರ ಬೈಲುಕುಪ್ಪೆ. ಅಲ್ಲಿಯ ಭಿಕ್ಷುಗಳನ್ನು ಒಂದು ಗಂಟೆಯ ಸರ್ಟಿಫಿಕೇಟ್ ಬಗ್ಗೆ ಕೇಳಿ ನೋಡಿ, ನಕ್ಕುಬಿಡುತ್ತಾರೆ.

ಆದರೆ ಟೈಮ್ ವಿಷಯದಲ್ಲಿ ಒಂದು ಮಾತು. 1984ರ ಒಂದು ಅಧ್ಯಯನದಲ್ಲಿ ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕಿದ್ದರು. 2002ರಲ್ಲಿ ಸ್ವಿಟ್ಜರ್ಲೆಂಡಿನವರು ಬಾಯಿ ಹಾಕದೆ ಕೇಳಿ ನೋಡಿದರು. ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ಮಾತು ಮುಗಿಸಿದರು. ಗಂಟೆಗಟ್ಟಲೆ ಕೊರೆಯುತ್ತಾರೆ ಅನ್ನೋದು ನಮ್ಮ ಕಲ್ಪನೆ. 1999ರಲ್ಲಿ ಇನ್ನೊಂದು ಪರೀಕ್ಷೆ: ಸ್ತನ ಕ್ಯಾನ್ಸರ್ ಬಗ್ಗೆ ಡಾಕ್ಟರ್ ಮಾತಾಡುವ ವಿಡಿಯೋ ತೋರಿಸಿದರು. ಕೆಲವರಿಗೆ ತೋರಿಸಿದ್ದರಲ್ಲಿ ಸುಮಾರು 40 ಸೆಕೆಂಡು ‘ನಾನು ನಿಮ್ಮ ಜೊತೆ ಇರುತ್ತೇನೆ’ ಅನ್ನುವ ಅರ್ಥದ ಮಾತು ಹೆಚ್ಚಿಗೆ ಇತ್ತು. ಅದನ್ನು ನೋಡಿದವರ ಆತಂಕ ಇಳಿದಿತ್ತು. ಹಾಗಾಗಿ ಇಡೀ ವಾರ್ಡ್ ಬೇಡ. ಒಂದು ರಾತ್ರಿಗೆ ಒಬ್ಬರ ಪಕ್ಕ ಸ್ಟೂಲ್ ಎಳೆದುಕೊಂಡು ಎರಡು ನಿಮಿಷ ಕೂರಿ. ನಿಂತುಕೊಂಡೇ ಮಾತಾಡಿದರೆ ನೀವು ಹೊರಟು ನಿಂತ ಹಾಗೆಯೇ ಕಾಣುತ್ತೆ.

ಏನೂ ಅನ್ನಿಸದೆ ಇರುವುದು ನಿಮ್ಮ ಕೆಟ್ಟತನ ಅಲ್ಲ. ಜರ್ಮನ್ ಮಿದುಳು ವಿಜ್ಞಾನಿ ತಾನಿಯಾ ಸಿಂಗರ್ ತಂಡ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದು ಇದನ್ನೇ: ಇನ್ನೊಬ್ಬರ ನೋವನ್ನು ತಾನೇ ಅನುಭವಿಸಲು ತರಬೇತಿ ಪಡೆದವರು ಕುಗ್ಗಿದರು. ‘ಇವರಿಗೆ ಒಳ್ಳೆಯದಾಗಲಿ’ ಅಂತ ಹಾರೈಸುವ ಕರುಣೆಯ ಅಭ್ಯಾಸ ಆಮೇಲೆ ಮಾಡಿದಾಗ ಅದೇ ಜನ ಮತ್ತೆ ಚೇತರಿಸಿಕೊಂಡರು. ರೋಗಿಯ ಜೊತೆ ನೀವೂ ಹೊಳೆಗೆ ಹಾರಬೇಕಿಲ್ಲ, ದಡದಲ್ಲಿ ಕಾಲೂರಿ ನಿಂತು ಕೈ ಕೊಟ್ಟರೆ ಆಯಿತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವಾಗ ಒಂದು ಉಸಿರು ಪೂರ್ತಿ ಒಳಗೆಳೆದು ಬಿಟ್ಟು, ಆಮೇಲೆ ಪರದೆ ಸರಿಸುವುದು ನನ್ನ ಅಭ್ಯಾಸ. ಹೇಗೂ ದಿನಕ್ಕೆ ನೂರು ಸಲ ಹಚ್ಚಿಕೊಳ್ಳುತ್ತೇವಲ್ಲ. ಮತ್ತೆ, ನಿದ್ರೆ ಬರುತ್ತಿಲ್ಲ ಅಂದರೆ ನೀವೂ ಒಬ್ಬರಿಗೆ ತೋರಿಸಿಕೊಳ್ಳಿ.

ಪ್ರಶ್ನೆ (ಸಿದ್ದಾಪುರ, ತೋಟದ ಲೆಕ್ಕ ಬರೆಯುವ ರೈಟರ್):
ನಮ್ಮ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬ ಎರವ ಬುಡಕಟ್ಟಿನ ಹೆಂಗಸಿಗೆ ಗರ್ಭಕೋಶದ ಕ್ಯಾನ್ಸರ್. ಕನ್ನಡ ಅಷ್ಟಾಗಿ ಬರಲ್ಲ. ಹತ್ತು ವರ್ಷದ ಮಗಳೇ ಡಾಕ್ಟರ ಮಾತು ತಿಳಿಸಿ ಹೇಳೋದು.

ಉತ್ತರ:
ಆ ಮಗುವನ್ನು ದಯವಿಟ್ಟು ಬಿಡಿಸಿ. ತಾಯಿಗೆ ಸಾವಿನ ಸುದ್ದಿ ಹೇಳುವ ಕೆಲಸ ಮಗಳದ್ದಲ್ಲ. ಅವರ ಭಾಷೆ ಬಲ್ಲ ದೊಡ್ಡವರು ಯಾರಾದರೂ, ಆಶಾ ಕಾರ್ಯಕರ್ತೆ ಇದ್ದರೆ ಅವರು, ಜೊತೆಗೆ ಹೋಗಲಿ. ನಾನು ಕಂಡಂತೆ ಲೈನ್ ಮನೆಯಲ್ಲಿ ಕೇಳುವ ಪ್ರಶ್ನೆ ಎರಡೇ: ಮಕ್ಕಳನ್ನು ಯಾರು ನೋಡ್ತಾರೆ, ನನ್ನನ್ನು ಎಲ್ಲಿ ಮಣ್ಣು ಮಾಡ್ತಾರೆ. ಸ್ವಂತ ಜಾಗ ಇಲ್ಲದವರಿಗೆ ಎರಡನೆಯದು ಸಣ್ಣ ಪ್ರಶ್ನೆಯಲ್ಲ. ನೀವು ರೈಟರ್, ಧಣಿಗಳ ಹತ್ತಿರ ಮಾತಾಡಿ ಅದಕ್ಕೊಂದು ಉತ್ತರ ತರಲು ನಿಮ್ಮಿಂದ ಆಗುತ್ತೆ, ನನ್ನಿಂದ ಆಗಲ್ಲ.

ಪ್ರಶ್ನೆ (ಸೋಮವಾರಪೇಟೆ, ನಿವೃತ್ತ ಮೇಷ್ಟ್ರು):
ಅಮ್ಮಾ, ಕರುಣೆಯನ್ನೂ ಅಳತೆ ಮಾಡಿ ಸಂಶೋಧನೆ ಅನ್ನುತ್ತಾರಲ್ಲ, ಇದು ಅತಿಯಾಗಲಿಲ್ಲವೇ?

ಉತ್ತರ:
ಮೇಷ್ಟ್ರೇ, ಅಳೆಯಲು ಹೋಗಿ ಸೋತದ್ದೂ ಉಂಟು. ಕೆನಡಾದ ಹಾರ್ವಿ ಚೋಚಿನೋವ್ ಕೊನೆಗಾಲದವರನ್ನು ಕೂರಿಸಿಕೊಂಡು ಅವರ ಬಾಳಿನ ಕಥೆ ಕೇಳಿ, ಬರೆದು, ಮನೆಯವರಿಗೆ ಬಿಟ್ಟುಹೋಗುವ ಹಾಗೆ ಪುಸ್ತಿಕೆ ಮಾಡಿಕೊಡುವ ಚಿಕಿತ್ಸೆ ರೂಪಿಸಿದರು. 2011ರಲ್ಲಿ ಅದರ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಸಂಕಟದ ಅಂಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಆದರೆ ನೆರವಾಯಿತೇ ಅಂತ ರೋಗಿಗಳನ್ನೇ ಕೇಳಿದರೆ, ಆಯಿತು, ನಮ್ಮ ಘನತೆ ಹೆಚ್ಚಿತು ಅಂದರು. ಅದನ್ನು ಮುಚ್ಚಿಡದೆ ಹಾಗೆಯೇ ಪ್ರಕಟಿಸಿದರು, ಅದಕ್ಕೇ ನನಗೆ ಅವರ ಮೇಲೆ ಗೌರವ. ಅವರದ್ದೇ ಇನ್ನೊಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ: ‘ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಬೇಕಾದರೆ ನಿಮ್ಮ ಬಗ್ಗೆ ನನಗೆ ಏನು ಗೊತ್ತಿರಬೇಕು?’ ಒಬ್ಬರು ಹೇಳಿದ್ದು, “ನಾನು ಹಾಕಿಯಲ್ಲಿ ಫುಲ್‌ಬ್ಯಾಕ್.” ಅಲ್ಲಿಂದ ಮುಂದೆ ವಾರ್ಡಿನಲ್ಲಿ ಯಾರೂ ಅವರನ್ನು ಬೆಡ್ ನಂಬರಿನಿಂದ ಕರೆಯಲಿಲ್ಲ.

ನಾಪೋಕ್ಲು ಕಡೆಯ ಸೊಸೆ (ಒಂಬತ್ತು ದಿನದ ನಂತರ):
ಡಾಕ್ಟ್ರೇ, ಮಾರ್ಫಿನ್ ಶುರು ಮಾಡಿದ ಮೇಲೆ ರಾತ್ರಿ ನಾಲ್ಕು ಗಂಟೆ ನಿದ್ರೆ ಬರ್ತಿದೆ. ನೀವು ಹೇಳಿದ ಹಾಗೆ ನೇರವಾಗಿ ಕೇಳಿದೆ. “ಛೇ, ಅದಕ್ಕಲ್ಲ” ಅಂದ್ರು. ಆದ್ರೂ ಗುಂಡೆಲ್ಲ ಪಕ್ಕದ ಮನೆಗೆ ಕೊಟ್ಟಿದ್ದೇವೆ. ಯಾರು ಹೊಡೀಬೇಕು ಅಂದ್ರೆ ಬೆಂಗಳೂರಲ್ಲಿರೋ ಮೊಮ್ಮಗನ ಹೆಸರು ಹೇಳಿದ್ರು. ಆಮೇಲೆ ತುಂಬಾ ಹೊತ್ತು ಬಿಟ್ಟು, “ಅವನಿಗೆ ಕೋವಿ ಹಿಡಿಯೋಕೂ ಬರಲ್ಲ, ನಿನ್ನ ಗಂಡನೇ ಹೊಡೀಲಿ, ಆದ್ರೆ ಅವನು ಅಳ್ತಾನೆ” ಅಂದ್ರು. ನಮ್ಮವರು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡ್ರು. ನಿನ್ನೆ ಇಬ್ಬರೂ ಜಗಲಿಯಲ್ಲಿ ಕೂತು, ಕೋವಿಗೆ ಪೂಜೆ ಮಾಡೋ ಕೈಲ್‌ಪೊಳ್ದ್ ಹಬ್ಬಕ್ಕೆ ಇನ್ನೂ ದಿನ ಇದ್ರೂ, ಖಾಲಿ ಕೋವಿಗೆ ಎಣ್ಣೆ ಹಚ್ಚಿ ಒರೆಸಿದ್ರು. ಮಾವ ಒರೆಸಿದ್ದು ಸರಿ ಆಗಿಲ್ಲ ಅಂತ ಮಗನಿಗೆ ಮೂರು ಸಲ ಬೈದ್ರು.