ಲಕ್ಕುಂಡಿಯ ಗುಡಿಯೊಳಗೆ ಫೋಟೊ ಮಸುಕಾಗುವುದೇಕೆ? ಎಫ್ ಸಂಖ್ಯೆ, ಶಟರ್, ಐಎಸ್‌ಒ ಕುರಿತು

ಪ್ರಶ್ನೆ (ಗದಗ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಯಾರೋ ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು 18-55 ಮಿ.ಮೀ. ಲೆನ್ಸಿನ ಸಮೇತ ಕೊಂಡಿದ್ದೇನೆ. ಹೋದ ಭಾನುವಾರ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಕಂಬಗಳ ಚಿತ್ರ ತೆಗೆಯಲು ಹೋದರೆ, ಆಟೊ ಮೋಡಿನಲ್ಲಿ ಫ್ಲ್ಯಾಶ್ ತಾನಾಗಿಯೇ ಎದ್ದು, ಕಡೆದ ಕಲ್ಲಿನ ಏರಿಳಿತವೆಲ್ಲ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಯಿತು. ಫ್ಲ್ಯಾಶ್ ಮುಚ್ಚಿ ತೆಗೆದರೆ ಚಿತ್ರ ಮಸುಕಾಯಿತು. ಅದರ ವಿವರದಲ್ಲಿ 55 ಮಿ.ಮೀ., ಎಫ್/5.6, 1/8, ಐಎಸ್‌ಒ 400 ಎಂದಿದೆ. ಇವುಗಳಲ್ಲಿ ತಪ್ಪು ಯಾವುದು? ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ ದೊಡ್ಡದು ಎನ್ನುವುದೂ ನನಗೆ ಅರ್ಥವಾಗಿಲ್ಲ. ಅಂಗಡಿಯವರು ಲೆನ್ಸನ್ನೇ ಬದಲಿಸಿರಿ ಎನ್ನುತ್ತಿದ್ದಾರೆ.

ಉತ್ತರ 1 (ಧಾರವಾಡ)

ದುಡ್ಡು ಖರ್ಚು ಮಾಡುವ ಮೊದಲು ಆ ಸಂಖ್ಯೆಗಳನ್ನೇ ಓದೋಣ. 1/8 ಎಂದರೆ ಶಟರ್ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು ತೆರೆದಿತ್ತು; ಪೂರ್ತಿ ಜೂಮ್ ಮಾಡಿದಾಗ ಅಷ್ಟು ಹೊತ್ತು ಕೈ ಅಲುಗದಂತೆ ಹಿಡಿಯುವುದು ನುರಿತವರಿಗೂ ಕಷ್ಟ. ಕ್ಯಾಮೆರಾವನ್ನು ಕೈಯಲ್ಲಿಯೇ ಹಿಡಿದಾಗ, 50 ಮಿ.ಮೀ.ಗೆ 1/50, 100 ಮಿ.ಮೀ.ಗೆ 1/100 ಹೀಗೆ ಶಟರ್ ವೇಗ ಇರಬೇಕೆಂಬುದು ಫಿಲ್ಮ್ ಕಾಲದ ರೂಢಿ. ನಿಮ್ಮ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ, ಬೆಳಕು ಹಿಡಿಯುವ ಸೆನ್ಸರ್ 36×24 ಮಿ.ಮೀ. ಫಿಲ್ಮಿಗಿಂತ ಚಿಕ್ಕದಿರುವುದರಿಂದ ಇದನ್ನು ಒಂದೂವರೆ ಪಟ್ಟು ಹೆಚ್ಚಿಸಿಕೊಂಡರೆ, 55 ಮಿ.ಮೀ.ಗೆ ಸುಮಾರು 1/80 ಬೇಕಾಗುತ್ತದೆ. ಲೆನ್ಸಿನ ಮೇಲೆ ವಿಆರ್ ಅಥವಾ ಐಎಸ್ ಎಂದು ಬರೆದಿದ್ದರೆ ಕೈನಡುಕವನ್ನು ಅದು ಸ್ವಲ್ಪ ಸರಿದೂಗಿಸುತ್ತದೆ, ಅದರ ಗುಂಡಿಯನ್ನು ಚಾಲೂ ಇಡಿರಿ.

ಇನ್ನು ಎಫ್ ಸಂಖ್ಯೆ. ಜೋಳದ ರೊಟ್ಟಿಯನ್ನು ಎರಡು ಮಾಡಿದರೆ ಬರುವ ತುಂಡು, ಎಂಟು ಮಾಡಿದರೆ ಬರುವ ತುಂಡಿಗಿಂತ ದೊಡ್ಡದಲ್ಲವೇ? ಇದೂ ಹಾಗೆಯೇ ಒಂದು ಭಾಗಾಕಾರ: ಇಲ್ಲಿ ಎಫ್ ಎಂದರೆ ಫೋಕಲ್ ಲೆಂತ್ (ಲೆನ್ಸಿನ 18, 55 ಮಿ.ಮೀ. ಎನ್ನುವ ಆ ಅಳತೆ), ಅದರ ಕೆಳಗಿನ ಸಂಖ್ಯೆ ಭಾಜಕ. 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ ಕಿಂಡಿಯ ಅಡ್ಡಳತೆ 25 ಮಿ.ಮೀ.; ಎಫ್/10 ಆದರೆ ಬರೀ 5 ಮಿ.ಮೀ. ಎಫ್/2.8, 4, 5.6, 8 ಎಂಬ ಸಾಲಿನಲ್ಲಿ ಒಂದೊಂದು ಹೆಜ್ಜೆ ಮುಂದೆ ಹೋದಂತೆ ಬೆಳಕು ಅರ್ಧವಾಗುತ್ತದೆ. ಆ ಒಂದು ಹೆಜ್ಜೆಗೇ ಸ್ಟಾಪ್ ಎನ್ನುವುದು.

ನಿಮ್ಮ ಲೆನ್ಸಿನ ತುದಿಯಲ್ಲಿ 3.5-5.6 ಎಂದು ಬರೆದಿರಬೇಕು. ಅಂದರೆ 18 ಮಿ.ಮೀ.ನಲ್ಲಿ ಕಿಂಡಿ ಎಫ್/3.5ರವರೆಗೆ ತೆರೆಯುತ್ತದೆ, 55ಕ್ಕೆ ಜೂಮ್ ಮಾಡಿದರೆ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ದೂರ ನಿಂತು ಜೂಮ್ ಮಾಡುವ ಬದಲು ಕಂಬದ ಹತ್ತಿರ ಹೋಗಿರಿ.

ಉತ್ತರ 2 (ಹುಬ್ಬಳ್ಳಿ)

ಮೇಲಿನವರು ಐಎಸ್‌ಒ (ಚಿತ್ರದ ಹೊಳಪನ್ನು ಏರಿಸುವ ಸಂಖ್ಯೆ) ವಿಷಯ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ನಿಮಗೆ ಮೊದಲು ಬೇಕಾದದ್ದು ಅದೇ. 400ರಿಂದ 800, 800ರಿಂದ 1600 ಎಂದು ಎರಡು ಸಲ ದುಪ್ಪಟ್ಟು ಮಾಡಿದರೆ, ಅಷ್ಟೇ ಹೊಳಪಿನ ಚಿತ್ರ 1/8ರ ಬದಲು 1/30ರಲ್ಲಿ ಸಿಗುತ್ತದೆ. ಅದರ ಜೊತೆಗೆ ಎಫ್/3.5 ಇಟ್ಟರೆ ಹೆಚ್ಚುಕಡಿಮೆ 1/80ಕ್ಕೆ ತಲುಪುತ್ತೀರಿ, 18 ಮಿ.ಮೀ.ಗೆ ಅದು ಧಾರಾಳವಾಯಿತು. ಐಎಸ್‌ಒ ಏರಿಸಿದರೆ ಸೆನ್ಸರಿಗೆ ಬೀಳುವ ಬೆಳಕೇನೂ ಹೆಚ್ಚುವುದಿಲ್ಲ. ಬಿದ್ದಷ್ಟರ ಸಂಕೇತವನ್ನೇ ಕ್ಯಾಮೆರಾ ಹಿಗ್ಗಿಸುತ್ತದೆ. ಆದ್ದರಿಂದಲೇ ನೆರಳಿನ ಜಾಗಗಳಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ, ಅದನ್ನೇ ನಾಯ್ಸ್ ಎನ್ನುತ್ತಾರೆ. ಸಾಧ್ಯವಾದರೆ ಜೆಪೆಗ್ ಬದಲು, ಸೆನ್ಸರಿನ ಮೂಲ ಮಾಹಿತಿ ಹಾಗೆಯೇ ಉಳಿಯುವ ರಾ ಕಡತದಲ್ಲಿ ಉಳಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಈ ನಾಯ್ಸನ್ನು ತಗ್ಗಿಸಿರಿ.

ಚಳಿಗಾಲದಲ್ಲಿ ಹಕ್ಕಿ ನೋಡಲು ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವುದಿದ್ದರೆ ಲೆಕ್ಕ ಬೇರೆ. ಪಟ್ಟೆ ತಲೆ ಹೆಬ್ಬಾತುಗಳು ಒಟ್ಟಾಗಿ ಏಳುವಾಗ ರೆಕ್ಕೆ ಸ್ಪಷ್ಟವಾಗಿ ಬರಲು 1/1000 ಆದರೂ ಇರಲಿ. ಕೈನಡುಕ ತಡೆಯುವ ವಿಆರ್, ಹಾರುವ ಹಕ್ಕಿಯ ಚಲನೆಯನ್ನು ತಡೆಯಲಾರದು.

ಪ್ರಶ್ನೆ ಕೇಳಿದವರು (ಗದಗ)

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಮತ್ತೆ ಹೋಗಿ, ಕಿಂಡಿಯನ್ನು ನಾವೇ ಆರಿಸಿ ಶಟರನ್ನು ಕ್ಯಾಮೆರಾಕ್ಕೆ ಬಿಡುವ ಮೋಡಿನಲ್ಲಿ ಎಫ್/3.5, ಐಎಸ್‌ಒ 1600 ಇಟ್ಟು, ಗೋಡೆಗೆ ಒರಗಿ ತೆಗೆದೆ. ಕಂಬದ ಸುತ್ತಿನ ಒಂದೊಂದು ಗೆರೆಯೂ ಬೇರೆಬೇರೆಯಾಗಿ ಕಾಣುತ್ತಿದೆ. ಆದರೆ ಹೊರಗೆ ಬಂದು ಶಿಖರವನ್ನು ಆಕಾಶದ ಎದುರು ತೆಗೆದಾಗ ಕಲ್ಲು ಕಪ್ಪಾಗಿಬಿಟ್ಟಿತು.

ಉತ್ತರ 1 (ಧಾರವಾಡ)

ಕ್ಯಾಮೆರಾದ ಬೆಳಕಳೆಯುವ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಬೆಳ್ಳಗಿನ ಆಕಾಶವಿದ್ದಾಗ ಬೆಳಕು ಹೆಚ್ಚಾಯಿತೆಂದು ತಿಳಿದು ಇಡೀ ಚಿತ್ರವನ್ನೇ ಕತ್ತಲಾಗಿಸುತ್ತದೆ. ಕೂಡು-ಕಳೆ ಚಿಹ್ನೆ ಇರುವ ಗುಂಡಿ ಒತ್ತಿ ಹಿಡಿದು +1ಕ್ಕೆ ತಿರುಗಿಸಿ ತೆಗೆಯಿರಿ. ಕಲ್ಲು ಬೆಳಗುತ್ತದೆ, ಆಕಾಶ ಸ್ವಲ್ಪ ಬಿಳಚಿಕೊಳ್ಳುತ್ತದೆ. ಎರಡೂ ಬೇಕೆಂದರೆ ಬಿಸಿಲು ಶಿಖರದ ಮೇಲೆ, ನಿಮ್ಮ ಬೆನ್ನ ಹಿಂದಿನಿಂದ ಬೀಳುವ ಹೊತ್ತಿಗೆ ಹೋಗಬೇಕು.